ಬಾಡಿಗೆಗೆ ತಂದ ಹುತಾತ್ಮರು

ನವೆಂಬರ್ 19ರ ಅಂತರರಾಷ್ಟ್ರೀಯ ಪುರುಷರ ದಿನ ಬಂತೆಂದರೆ, ವರ್ಷವಿಡೀ ಕೂಲಿಯಾಳಿನ ಮುಖ ನೋಡದ ಮಹನೀಯರಿಗೆ ಇದ್ದಕ್ಕಿದ್ದಂತೆ ಅವನ ಮೇಲೆ ಅಕ್ಕರೆ ಉಕ್ಕುತ್ತದೆ. ಗಣಿಯಲ್ಲಿ ಸತ್ತವರು ಯಾರು, ಯುದ್ಧದಲ್ಲಿ ಮಡಿದವರು ಯಾರು, ಮುಗಿಲೆತ್ತರದ ಕಟ್ಟಡದಿಂದ ಕೆಳಗೆ ಬಿದ್ದವರು ಯಾರು ಎಂದು ತಂಪು ಕೋಣೆಯಲ್ಲಿ ಕುಳಿತು ಕೇಳುತ್ತಾರೆ. ಗಂಡಸರೇ ಎಂದು ತಾವೇ ಉತ್ತರಿಸುತ್ತಾರೆ. ಆದಕಾರಣ ಹೆಂಗಸರು ಸಮಾನತೆಯ ಮಾತನ್ನು ಸಾಕುಮಾಡಬೇಕೆಂದು ತೀರ್ಪನ್ನೂ ಕೊಟ್ಟುಬಿಡುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ, ಕೆಲಸ ಮಾಡುತ್ತಲೇ ಸಾಯುವವರಲ್ಲಿ ಬಹುಪಾಲು ಗಂಡಸರೇ. ಆದರೆ ಆ ಹೆಣಗಳಿಗೆ ಇವರು ಹೆಗಲು ಕೊಡುವ ಠೀವಿಯನ್ನು ನೋಡಿದರೆ, ಬದುಕಿದ್ದಾಗ ಅವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರೇನೋ ಎಂಬ ಭ್ರಮೆ ಹುಟ್ಟಬೇಕು.

ಗಣಿಯ ಕಥೆಯನ್ನೇ ನೋಡೋಣ. 1842ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಒಂದು ವರದಿ ಬಂದಿತು; ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಕಾಲುಗಳ ನಡುವೆ ಸರಪಳಿ ಹಾಯಿಸಿ, ತಲೆಯೆತ್ತಲಾಗದ ಸುರಂಗದಲ್ಲಿ ಅಂಬೆಗಾಲಿಕ್ಕುತ್ತ ಕಲ್ಲಿದ್ದಲ ಬಂಡಿ ಎಳೆಯುವವರ ಚಿತ್ರಗಳು ಅದರಲ್ಲಿದ್ದವು. ಸಭ್ಯ ಸಮಾಜಕ್ಕೆ ಆಘಾತವಾಯಿತು. ಸರಪಳಿಯನ್ನು ಕಂಡು ಆದ ಆಘಾತಕ್ಕಿಂತ, ಹೆಂಗಸರು ಅರೆಬೆತ್ತಲೆಯಾಗಿ ದುಡಿಯುತ್ತಾರಂತೆ ಎಂಬುದನ್ನು ಓದಿ ಆದ ಆಘಾತವೇ ದೊಡ್ಡದು. ಹೆಂಗಸರೂ ಹತ್ತು ವರ್ಷದೊಳಗಿನ ಹುಡುಗರೂ ಗಣಿಗೆ ಇಳಿಯಕೂಡದೆಂಬ ಕಾನೂನು ಅದೇ ವರ್ಷ ಬಂದಿತು. ಕೂಲಿ ಕಳೆದುಕೊಂಡ ಹೆಂಗಸರು ಏನು ಉಣ್ಣಬೇಕೆಂಬುದನ್ನು ಕಾನೂನು ಹೇಳಲಿಲ್ಲ. ಹತ್ತು ತುಂಬಿದ ಹುಡುಗನಿಗಂತೂ ಗಂಡಸೆಂಬ ಭಡ್ತಿ ಸಿಕ್ಕಿತು. ವಯಸ್ಕ ಗಂಡಸರಿಗೆ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ನೆಲದಡಿಯಲ್ಲಿ ದುಡಿಸಕೂಡದೆಂಬ ಮಿತಿ ಬರಲು 1908ರವರೆಗೆ ಕಾಯಬೇಕಾಯಿತು. ಗಂಡಸಿನ ದೇಹ ದಣಿಯುವುದಿಲ್ಲವೆಂಬ ಈ ಗೌರವವನ್ನು ಅವನಿಗೆ ದಯಪಾಲಿಸಿದವರು ಹೆಂಗಸರಲ್ಲ; ಆ ಸಂಸತ್ತಿನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹಾಗೆ ನೋಡಿದರೆ ಗಣಿ ಕೆಲಸಗಾರನಿಗೂ ಅಲ್ಲೇನು ಮಣೆ ಹಾಕಿರಲಿಲ್ಲ. 1918ರ ಕಾಯ್ದೆ ಬರುವ ತನಕ ಆ ದೇಶದ ಹತ್ತು ವಯಸ್ಕ ಗಂಡಸರಲ್ಲಿ ಸುಮಾರು ನಾಲ್ವರಿಗೆ ಮತದಾನದ ಹಕ್ಕೇ ಇರಲಿಲ್ಲ. ಮಹಾಯುದ್ಧದ ಕಂದಕಕ್ಕೆ ಇಳಿಯಲು ಮಾತ್ರ ಯಾವ ಆಸ್ತಿಯ ಅರ್ಹತೆಯೂ ಬೇಕಿರಲಿಲ್ಲ.

ಯುದ್ಧದ ವಿಚಾರದಲ್ಲಿ ಅಮೆರಿಕದ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು, ಏಕೆಂದರೆ ಅಲ್ಲಿ ದರವನ್ನೇ ಬರೆದಿಟ್ಟಿದ್ದರು. ಅಂತರ್ಯುದ್ಧದ ನಡುವೆ, 1863ರ ಕಡ್ಡಾಯ ಸೇನಾ ಭರ್ತಿಯ ಕಾಯ್ದೆಯ ಪ್ರಕಾರ, ಚೀಟಿಯಲ್ಲಿ ಹೆಸರು ಬಂದವನು 300 ಡಾಲರ್ ಕಟ್ಟಿದರೆ ಅಥವಾ ತನ್ನ ಬದಲಿಗೆ ಇನ್ನೊಬ್ಬನನ್ನು ಕಳಿಸಿದರೆ ಮನೆಯಲ್ಲಿರಬಹುದಿತ್ತು. ಕೂಲಿಯವನಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಮುಂದೆ ಮಹಾ ಬ್ಯಾಂಕರ್ ಆದ ಜೆ. ಪಿ. ಮಾರ್ಗನ್ ಬದಲಿಯಾಳಿಗೆ ಹಣ ತೆತ್ತರು. ಮುಂದೆ ಅಧ್ಯಕ್ಷರಾದ ಗ್ರೋವರ್ ಕ್ಲೀವ್‌ಲ್ಯಾಂಡ್ ಕೂಡ ಅದನ್ನೇ ಮಾಡಿದರು. ಆ ಜುಲೈನಲ್ಲಿ ನ್ಯೂಯಾರ್ಕಿನ ಬಡ ಕೆಲಸಗಾರರು ದಂಗೆಯೆದ್ದರು. ಎದ್ದವರು ಹೋಗಿ ಏನು ಮಾಡಿದರು? ಸಿರಿವಂತರ ಕೆಲವು ಮನೆಗಳಿಗೂ ಕಲ್ಲು ಬಿದ್ದವು, ನಿಜ. ಆದರೆ ಕಪ್ಪು ಜನರನ್ನು ಬೀದಿಯಲ್ಲಿ ಹಿಡಿದು ಕೊಂದರು, ಕಪ್ಪು ಮಕ್ಕಳ ಅನಾಥಾಲಯವನ್ನು ಸುಟ್ಟರು. 300 ಡಾಲರಿನ ದರ ಬರೆದವರ ಕೂದಲೂ ಕೊಂಕಲಿಲ್ಲ.

ಬೇಸರ ಬರುವುದು ಇಲ್ಲಿಯೇ. ದುಡಿಯುವ ಗಂಡಸಿನ ನ್ಯಾಯವಾದ ಸಿಟ್ಟನ್ನು ತನಗಿಂತ ಕೆಳಗಿರುವವರ ಕಡೆಗೆ, ಪಕ್ಕದಲ್ಲೇ ದುಡಿಯುವವರ ಕಡೆಗೆ ತಿರುಗಿಸುವ ಕಸುಬು ಬಹಳ ಹಳೆಯದು. ಈಗ ಅದನ್ನೇ ಪುರುಷರ ಹಿತರಕ್ಷಣೆ ಎಂದು ಮಾರುತ್ತಿದ್ದಾರೆ. ಅವನಿಗೆ ಹೆಲ್ಮೆಟ್ ಕೊಡಿ ಎಂದಾಗ ಖರ್ಚಿನ ಲೆಕ್ಕ ತೆಗೆದವರು, ಸಂಘ ಕಟ್ಟಿದಾಗ ಕೆಲಸದಿಂದ ತೆಗೆದವರು, ಅವನು ಸತ್ತ ಮೇಲೆ ಅವನ ಹೆಸರಿನಲ್ಲಿ ಅವನ ಹೆಂಡತಿಯ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ನಾಚಿಕೆ ಎಂಬುದೊಂದು ಬೇಡವೇ?

ಇನ್ನು ಟೈಟಾನಿಕ್, ಅದಿಲ್ಲದೆ ಇಂಥ ಭಾಷಣವೇ ಪೂರ್ತಿಯಾಗುವುದಿಲ್ಲ. ಹೆಂಗಸರು, ಮಕ್ಕಳು ಮೊದಲು ಎಂದು ಗಂಡಸರು ಪ್ರಾಣ ಕೊಟ್ಟರಂತೆ. ಕೊಟ್ಟರು, ಸುಳ್ಳಲ್ಲ. ಬ್ರಿಟಿಷ್ ವಿಚಾರಣೆಯ ಪಟ್ಟಿಯನ್ನು ತೆರೆದರೆ ಮೊದಲ ದರ್ಜೆಯ ಗಂಡಸರಲ್ಲಿ ಉಳಿದವರು ಶೇಕಡ 33ರಷ್ಟು, ಮೂರನೆಯ ದರ್ಜೆಯ ಗಂಡಸರಲ್ಲಿ ಶೇಕಡ 16ರಷ್ಟು. ಮೂರನೆಯ ದರ್ಜೆಯ ಮಕ್ಕಳೋ, ಶೇಕಡ 34. ಅಂದರೆ ಕೆಳಗಿನ ಅಂತಸ್ತಿನ ಕೂಸಿಗೂ ಮೇಲಿನ ಅಂತಸ್ತಿನ ಯಜಮಾನರಿಗೂ ಬದುಕುವ ಅವಕಾಶ ಹೆಚ್ಚುಕಡಿಮೆ ಸಮಸಮವಾಗಿತ್ತು, ಎಂಥ ದಾಕ್ಷಿಣ್ಯ! ಹಡಗಿನ ಕಂಪನಿಯ ಅಧ್ಯಕ್ಷ ಬ್ರೂಸ್ ಇಸ್ಮೇ ದೋಣಿ ಹತ್ತಿ ಉಳಿದರು. ಸಿಬ್ಬಂದಿಯ ಸಂಬಳ ಹಡಗು ಮುಳುಗಿದಲ್ಲಿಗೆ ನಿಂತಿತು. ಕೊನೆಯವರೆಗೂ ವಾದ್ಯ ನುಡಿಸಿದ ಎಂಟು ಜನರಲ್ಲಿ ಒಬ್ಬನಾದ 21 ವರ್ಷದ ಪಿಟೀಲು ವಾದಕನ ತಂದೆಗೆ, ಮಗ ಸತ್ತು ಎರಡು ವಾರ ಕಳೆಯುತ್ತಿದ್ದಂತೆ, ಸಮವಸ್ತ್ರದ ಬಾಕಿ ಕಟ್ಟಬೇಕೆಂಬ ಕಾಗದ ಹೊರಟಿತ್ತು. ಕಳಿಸಿದ್ದು ಹಡಗುಗಳಿಗೆ ವಾದ್ಯಗಾರರನ್ನು ಪೂರೈಸುತ್ತಿದ್ದ ಲಿವರ್‌ಪೂಲಿನ ಏಜೆನ್ಸಿ, ಸ್ತ್ರೀವಾದಿಗಳ ಸಂಘವಲ್ಲ.