ನಮ್ಮ ಅಪಾರ್ಟ್‌ಮೆಂಟಿನ ಉದ್ಭವ ಕಸ

ಉದ್ಭವ ಗಣಪತಿ ನೋಡಿದ್ದೀರಿ, ಉದ್ಭವ ಲಿಂಗ ನೋಡಿದ್ದೀರಿ. ಉದ್ಭವ ಕಸ ನೋಡಬೇಕಿದ್ದರೆ ಬೆಂಗಳೂರಿಗೆ, ನಮ್ಮ ಅಪಾರ್ಟ್‌ಮೆಂಟಿಗೆ ಬನ್ನಿ. ಮೂರನೇ ಮಹಡಿ, ಲಿಫ್ಟ್ ಪಕ್ಕದ ಮೂಲೆ. ಬೆಳಿಗ್ಗೆ ಆರಕ್ಕೆ ಹಾಲಿನ ಹುಡುಗ ಬಂದಾಗ ಅಲ್ಲಿ ಏನೂ ಇರುವುದಿಲ್ಲ. ಏಳಕ್ಕೆ ನೋಡಿದರೆ ಗಂಟು ಹಾಕಿದ ಕಪ್ಪು ಕವರ್ ತಾನಾಗೇ ಮೂಡಿರುತ್ತದೆ. 48 ಮನೆಯವರನ್ನೂ ಕೇಳಿದ್ದೇವೆ. ಒಬ್ಬರೂ ಇಟ್ಟಿಲ್ಲ.

ಕವರ್ ಒಳಗೆ ಬಾಳೆಹಣ್ಣಿನ ಸಿಪ್ಪೆ, ಡೈಪರ್, ಸತ್ತ ರಿಮೋಟ್ ಸೆಲ್ಲು, ಉಳಿದ ಸಾರು ಎಲ್ಲ ಅಣ್ಣತಮ್ಮಂದಿರ ಹಾಗೆ ಒಟ್ಟಿಗೇ ಇರುತ್ತವೆ. ಇಷ್ಟು ಸಮಾನತೆಯನ್ನು ನಾನು ನಮ್ಮ ಜನರಲ್ ಬಾಡಿ ಮೀಟಿಂಗಿನಲ್ಲೂ ಕಂಡಿಲ್ಲ, ಅಲ್ಲಿ ಬಾಡಿಗೆಯವರಿಗೆ ಹಿಂದಿನ ಸಾಲು.

ಹಸಿರು ಬಕೆಟ್ಟಿಗೆ ಹಸಿ ಕಸ, ಕೆಂಪಿಗೆ ಡೈಪರ್-ಪ್ಯಾಡು, ಚೀಲಕ್ಕೆ ಒಣ ಕಸ ಅಂತ 2015ರಲ್ಲಿ ಹೈಕೋರ್ಟೇ ಹೇಳಬೇಕಾಯಿತು. ಯೋಚನೆ ಮಾಡಿ, ಬಾಳೆಹಣ್ಣಿನ ಸಿಪ್ಪೆ ಎಲ್ಲಿ ಹಾಕಬೇಕು ಅನ್ನೋದಕ್ಕೆ ಹೈಕೋರ್ಟು! ಇವತ್ತಿಗೂ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮೊಟ್ಟೆ ಸಿಪ್ಪೆ ಹಸಿನಾ ಒಣಾನಾ ಅಂತ ವಾರಕ್ಕೊಮ್ಮೆ ಜಗಳ ಆಗುತ್ತದೆ. ಬಿಲ್ಡಿಂಗ್ ತುಂಬ ಎಂಜಿನಿಯರುಗಳೇ, ಅದು ಬೇರೆ ಮಾತು.

ಗ್ರೂಪ್ ಮಾತ್ರ ಬಹಳ ಸ್ವಚ್ಛ. ಜಪಾನಿನವರು ಸ್ಟೇಡಿಯಂ ಗುಡಿಸಿದ ವಿಡಿಯೋ ಬಂದರೆ ಚಪ್ಪಾಳೆ, ಇಂದೋರ್ ರಸ್ತೆಯ ಫೋಟೋ ಬಂದರೆ ‘ನಮ್ಮೂರು ಯಾವಾಗ ಹೀಗಾಗುತ್ತೋ’ ಅಂತ ನಿಟ್ಟುಸಿರು.

ಒಂದು ಸಲ ಕವರಿನಲ್ಲಿ ಬಿರಿಯಾನಿ ಬಿಲ್ ಸಿಕ್ಕಿತು, ಫ್ಲ್ಯಾಟ್ ನಂಬರ್ ಸಮೇತ. ಸಿಕ್ಕಿಬಿದ್ದ ಕಳ್ಳ ಅಂತ ನಾಲ್ಕು ಜನ ಹೋಗಿ ಬಾಗಿಲು ತಟ್ಟಿದೆವು. ಆ ಸಾಹೇಬರು ಬಿಲ್ಲನ್ನು ಕನ್ನಡಕ ಹಾಕಿಕೊಂಡು ಓದಿ, ‘ಬಿರಿಯಾನಿ ನಮ್ಮದೇ, ಕವರ್ ನಮ್ಮದಲ್ಲ’ ಅಂದರು. ಇದಕ್ಕೆ ಏನು ಹೇಳುತ್ತೀರಿ? ಕಾಫಿ ಕುಡಿದು ವಾಪಸ್ ಬಂದೆವು.

ಆಮೇಲೆ ಮೇಂಟೆನೆನ್ಸ್ ದುಡ್ಡಿನಲ್ಲಿ ಸಿಸಿ ಕ್ಯಾಮೆರಾ ಬಂತು. ಮರುದಿನದಿಂದ ಕಸ ಕ್ಯಾಮೆರಾದ ಸರಿಯಾಗಿ ಕೆಳಗೆ, ಅದಕ್ಕೆ ಕಾಣದ ಎರಡಡಿ ಜಾಗದಲ್ಲಿ ಉದ್ಭವಿಸತೊಡಗಿತು. ಬುದ್ಧಿ ಇಲ್ಲ ಅಂತ ಮಾತ್ರ ಯಾರೂ ಹೇಳುವಂತಿಲ್ಲ.

ಬೆಂಗಳೂರಿನ ಕಸವನ್ನೆಲ್ಲ ಊರಾಚೆಯ ಹಳ್ಳಿಗಳಲ್ಲಿ ಸುರಿಯುತ್ತಿದ್ದರು. ನಮ್ಮ ಕಸ ಹೊತ್ತು ಸಾಕಾಗಿ 2012ರಲ್ಲಿ ಮಾವಳ್ಳಿಪುರದವರು, 2014ರಲ್ಲಿ ಮಂಡೂರಿನವರು ಕಸದ ಲಾರಿಗಳನ್ನು ತಡೆದಾಗ ಟೀವಿ ಮುಂದೆ ಕೂತು ನಾನೂ ‘ಪಾಪ’ ಅಂದಿದ್ದೆ. ಈಗ ಅನಿಸುತ್ತದೆ, ಇಡೀ ಬೆಂಗಳೂರಿಗೆ ಮಂಡೂರು ಅನ್ನೋದು ಮೂರನೇ ಮಹಡಿಯ ಮೂಲೆ ಆಗಿತ್ತು, ಅಷ್ಟೆ. ಬಾಗಿಲು ಹಾಕಿಕೊಂಡರೆ ವಾಸನೆ ಬರುವುದಿಲ್ಲ.

ಕೊನೆಗೆ ಸೆಕ್ರೆಟರಿ ಬ್ರಹ್ಮಾಸ್ತ್ರ ತೆಗೆದರು: ದೇವರ ಚಿತ್ರದ ಟೈಲ್ಸ್. ಕಾಂಪೌಂಡ್ ಗೋಡೆಗೆ ಉಚ್ಚೆ ಹೊಯ್ಯುವವರನ್ನೇ ಓಡಿಸುವ ಟೈಲ್ಸ್ ಅಲ್ವಾ, ಕವರ್ ಯಾವ ಲೆಕ್ಕ? ವೆಂಕಟರಮಣ, ಗಣಪತಿ, ಯಾರಿಗೂ ಬೇಜಾರಾಗದಿರಲಿ ಅಂತ ಏಸು ಮತ್ತು ಮೆಕ್ಕಾ ಕೂಡ ಅಂಟಿಸಿದರು. ಮೂರು ದಿನ ಮೂಲೆ ಫಳಫಳ. ಸೆಕ್ರೆಟರಿ ಎದೆ ಉಬ್ಬಿಸಿಕೊಂಡು ಓಡಾಡಿದರು.

ನಾಲ್ಕನೇ ದಿನ ಬೆಳಿಗ್ಗೆ ಅಲ್ಲಿ ಗಾಜು ಒಡೆದ ಲಕ್ಷ್ಮಿ ಫೋಟೋ, ಹೋದ ವರ್ಷದ ದೇವರ ಕ್ಯಾಲೆಂಡರ್, ಒಣಗಿದ ಸೇವಂತಿಗೆ ಹಾರ, ಕೊಳೆತ ಅರ್ಧ ತೆಂಗಿನಕಾಯಿ. ಎಸೆದದ್ದಲ್ಲ, ಭಕ್ತಿಯಿಂದ ಗೋಡೆಗೆ ಒರಗಿಸಿದ್ದು. ಮೇಲೆ ಅರಿಶಿನ ಕುಂಕುಮ.

ಹೌಸ್‌ಕೀಪಿಂಗ್ ಅಕ್ಕ ಚಪ್ಪಲಿ ಬಿಟ್ಟು ದೂರ ನಿಂತಿದ್ದರು. ಮುಟ್ಟಲು ಭಯ. ನನ್ನನ್ನು ನೋಡಿ, ‘ಸಾರ್, ಇದು ಹಸಿನಾ, ಒಣಾನಾ?’ ಅಂದರು.

ಫೋಟೋ ತೆಗೆದು ಗ್ರೂಪಿಗೆ ಹಾಕಿ, ಯಾರದಿದು ಅಂತ ಕೇಳಿದೆ. 47 ಮನೆಯವರೂ ಕೈಮುಗಿಯುವ ಇಮೋಜಿ ಕಳಿಸಿದ್ದಾರೆ.