ಉಗುರಿಗೆ ಸಿಗದ ಗುಂಡಿ

ಆಯುಧ ಪೂಜೆಯ ದಿನ ಕಾರಿನ ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ಗಾಡಿ ಹಾಯಿಸಿ ನಿಲ್ಲಿಸುವುದು ಪದ್ಧತಿ. ನಮ್ಮ ಕಾರು ನಿಂಬೆಹಣ್ಣುಗಳನ್ನು ಶಾಸ್ತ್ರೋಕ್ತವಾಗಿಯೇ ಅಪ್ಪಚ್ಚಿ ಮಾಡಿತು. ಆದರೆ ನಿಲ್ಲಲಿಲ್ಲ. ಆಮೇಲೆ ಒಡೆಯಲೆಂದು ಕುಂಕುಮ ತುಂಬಿ ಇಟ್ಟಿದ್ದ ಬೂದುಗುಂಬಳಕಾಯಿಯನ್ನೂ ಅದರಾಚೆಗಿನ ರಂಗೋಲಿಯನ್ನೂ ದಾಟಿ, ಎದುರು ಮನೆಯ ರಾಯರು ಆಗಷ್ಟೇ ತೊಳೆದು ಗಂಧ ಹಚ್ಚಿದ್ದ ಸ್ಕೂಟರಿಗೆ ಮೂಗು ತಾಗಿಸಿಕೊಂಡು ನಿಂತಿತು. ರಾಯರು ದೊಡ್ಡ ಮನಸ್ಸಿನವರು. “ದೃಷ್ಟಿ ತೆಗೆಯುವುದಕ್ಕೆ ಇಷ್ಟು ಅವಸರ ಬೇಡವಾಗಿತ್ತು” ಎಂದಷ್ಟೇ ಹೇಳಿದರು.

ನಾನು ಬ್ರೇಕ್ ಒತ್ತಿದ್ದೆ. ಇದನ್ನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ಪೆಡಲು ಮೊದಲು ಗಟ್ಟಿಯಾಗಿಯೇ ಸಿಕ್ಕಿತು. ಆಮೇಲೆ, ಸಾಲ ಕೇಳಿದಾಗ ನೆಂಟರ ದನಿ ಇಳಿಯುವ ಹಾಗೆ, ಮೆತ್ತಗೆ ಇಳಿಯುತ್ತಾ ಇಳಿಯುತ್ತಾ ತಳ ಮುಟ್ಟಿತು. ಹ್ಯಾಂಡ್‌ಬ್ರೇಕ್ ಎಂಬುದೂ ಒಂದಿದೆ ಎಂದು ನೆನಪಾದದ್ದು ಸ್ಕೂಟರ್ ತಾಗಿದ ಮೇಲೆ.

ನಿಜ ಹೇಳಬೇಕೆಂದರೆ ಎರಡು ತಿಂಗಳಿಂದ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಕಾಲಡಿಯ ಪೆಡಲು ಕುಸಿಯುತ್ತಿತ್ತು. “ಎರಡು ಸಲ ಒತ್ತಿದರೆ ಹಿಡಿಯುತ್ತದೆ” ಎಂದು ನಾನು ಹೆಂಡತಿಗೆ ಹೇಳುತ್ತಿದ್ದೆ, ಕುದುರೆಯ ಗುಣ ಬಲ್ಲ ಜಟಕಾದವನ ಗತ್ತಿನಲ್ಲಿ. ನಮ್ಮದು 2003ರ ಮಾರುತಿ 800. ಇಪ್ಪತ್ತು ವರ್ಷ ದಾಟಿದ ಗಾಡಿಗೆ ಅಷ್ಟು ಮುದ್ದು ಸಲ್ಲಬೇಕಾದದ್ದೇ ಎಂಬುದು ನನ್ನ ವಾದ.

ನಮ್ಮ ಬೀದಿಯ ಕೊನೆಯ ಗ್ಯಾರೇಜಿನ ಮೇಸ್ತ್ರಿ ಮಾತು ಕಡಿಮೆ. ನಾಲ್ಕೂ ಚಕ್ರಗಳ ಹಿಂದೆ ಬಗ್ಗಿ ನೋಡಿದರು. ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ನೋಡಿದರು. ಆಯಿಲ್ ಒಂದು ತೊಟ್ಟೂ ಕಡಿಮೆಯಾಗಿರಲಿಲ್ಲ, ಬಣ್ಣ ಮಾತ್ರ ಶುಂಠಿ ಕಷಾಯದ್ದಾಗಿತ್ತು.

“ಹೊರಗೆ ಎಲ್ಲೂ ಸೋರಿಲ್ಲ ಸಾರ್. ಮಾಸ್ಟರ್ ಸಿಲಿಂಡರ್, ಅದೇ ಪೆಡಲು ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಪಂಪು, ಒಳಗೇ ಹೋಗಿದೆ. ಆಯಿಲ್ ಯಾವಾಗ ಬದಲಾಯಿಸಿದ್ದು?”

“ಬದಲಾಯಿಸಬೇಕೇ?” ಎಂದೆ.

ಮೇಸ್ತ್ರಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಬ್ರೇಕ್ ಆಯಿಲ್ ಎಂಬುದು ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆಯಂತೆ. ಆಯಿಲ್ ಕುದಿದು ಆವಿಯಾದರೆ ಬ್ರೇಕ್ ಹಿಡಿಯದು. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿಕೊಂಡರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಕಷಾಯದ ಬಣ್ಣಕ್ಕೆ ತಿರುಗಿದ ಆಯಿಲನ್ನೇ ನಂಬಿಕೊಂಡು ನಾನು ಹಿಂದಿನ ಬೇಸಿಗೆಯಲ್ಲಿ ಸಂಸಾರ ಸಮೇತ ಆಗುಂಬೆ ಘಾಟಿ ಇಳಿದಿದ್ದೆ. ಹದಿನಾಲ್ಕು ತಿರುವು. ಹಿಂದಿನ ಸೀಟಿನಲ್ಲಿ ಅತ್ತೆಯವರು ದಾರಿಯುದ್ದಕ್ಕೂ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ಬ್ರೇಕ್ ಹಾಕುತ್ತಿದ್ದವರು ಯಾರೆಂದು ಈಗ ತಿಳಿಯಿತು.

ಮೇಸ್ತ್ರಿ ಸಿಲಿಂಡರನ್ನು ಬಿಚ್ಚಿ, ಸರ್ಕ್ಲಿಪ್ ಕಿತ್ತು, ಒಳಗಿನ ಪಿಸ್ಟನ್ನು, ಸ್ಪ್ರಿಂಗು, ರಬ್ಬರುಗಳನ್ನು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟರು. ಬಟ್ಟಲಿನ ಆಕಾರದ ಆ ಸಣ್ಣ ರಬ್ಬರುಗಳನ್ನು ನೋಡಿದ ಕೂಡಲೇ ನನಗೆ ನಮ್ಮ ಅಪ್ಪನ ಸೈಕಲ್ ಪಂಪು ನೆನಪಾಯಿತು. ಅದರ ತುದಿಯಲ್ಲೂ ಇಂಥದೇ ಒಂದು ಚರ್ಮದ ವಾಷರ್ ಇತ್ತು. ಒಣಗಿ ಮುದುರಿ ಗಾಳಿ ಹಿಡಿಯದಂತಾದಾಗ ಅಪ್ಪ ಅದನ್ನು ಕೊಬ್ಬರಿ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹೆಬ್ಬೆರಳಿನಿಂದ ಅಂಚು ಅರಳಿಸಿ ಮತ್ತೆ ಕೂರಿಸುತ್ತಿದ್ದರು. ಹೊಸ ಪಂಪು ಕೊಂಡ ನೆನಪು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಛತ್ರಿಗೆ ಕಡ್ಡಿ, ಚಪ್ಪಲಿಗೆ ಉಂಗುಷ್ಟ, ಕುಕ್ಕರಿಗೆ ಗ್ಯಾಸ್ಕೆಟ್: ಇಡೀ ವಸ್ತುವನ್ನು ಬದಲಾಯಿಸುವುದು ಸೋತವರ ಲಕ್ಷಣ ಎಂದು ನಂಬಿದ ವಂಶ ನಮ್ಮದು.

ಹೀಗಾಗಿ, ಒಳಗಿನ ರಬ್ಬರುಗಳನ್ನಷ್ಟೇ ಬದಲಾಯಿಸುವ ಕಿಟ್ ಹಾಕಿದರೆ 350 ರೂಪಾಯಿ, ಹೊಸ ಸಿಲಿಂಡರಿಗೆ 2,200 ಎಂದು ಮೇಸ್ತ್ರಿ ಹೇಳಿ ಮುಗಿಸುವ ಮೊದಲೇ ನನ್ನ ರಕ್ತ ತೀರ್ಮಾನ ಮಾಡಿಬಿಟ್ಟಿತ್ತು.

“ನಿಲ್ಲಿ ಸಾರ್, ಒಳಗೆ ನೋಡೋಣ” ಎಂದು ಅವರು ಸಿಲಿಂಡರನ್ನು ಒರೆಸಿ ಟಾರ್ಚ್ ಬಿಟ್ಟರು. ಕನ್ನಡಿಯ ಹಾಗಿದ್ದ ಗೋಡೆಯಲ್ಲಿ, ಬಾಯಿಯ ಹತ್ತಿರ ತಳಭಾಗದಲ್ಲಿ, ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಒಳಸೇರಿದ ನೀರು ತಳದಲ್ಲಿ ಕೂತು ತಿಂದಿದ್ದು. ರಬ್ಬರು ಎಷ್ಟೇ ಹೊಸದಾದರೂ ಇಂಥ ಗುಂಡಿಯ ಮೇಲೆ ಓಡಾಡಿದರೆ ಅಂಚು ಹರಿಯುತ್ತದೆ, ಇಲ್ಲವೇ ಗುಂಡಿಯ ದಾರಿಯಲ್ಲೇ ಆಯಿಲ್ ಹಿಂದಕ್ಕೆ ನುಸುಳುತ್ತದೆ. ಮೇಸ್ತ್ರಿಯ ಸೂತ್ರ ಸರಳ: ಕಣ್ಣಿಗೆ ಮಾತ್ರ ಕಂಡರೆ ಕಿಟ್, ಉಗುರಿಗೆ ಸಿಕ್ಕಿದರೆ ಹೊಸದು. ಅವರು ಕಿರುಬೆರಳಿನ ಉಗುರು ಆಡಿಸಿ, “ಸಿಗುತ್ತಿದೆ” ಎಂದರು. ನಾನು ನನ್ನ ಬೆರಳನ್ನೂ ಆಡಿಸಿದೆ. ಹಬ್ಬಕ್ಕೆಂದು ಬುಡದವರೆಗೆ ಉಗುರು ಕತ್ತರಿಸಿಕೊಂಡಿದ್ದ ನನ್ನ ಬೆರಳಿಗೆ ಏನೂ ಸಿಗಲಿಲ್ಲ.

“ನುಣ್ಣಗಿದೆಯಲ್ಲ!” ಎಂದೆ. ಮೇಸ್ತ್ರಿ ವಾದಕ್ಕೆ ನಿಲ್ಲಲಿಲ್ಲ. ನಯವಾದ ಎಮರಿ ಕಾಗದದಿಂದ ಉಜ್ಜಿ, “ಗ್ಯಾರಂಟಿ ಕೊಡುವುದಿಲ್ಲ” ಎಂದು ಎರಡು ಸಲ ಹೇಳಿ, ಕಿಟ್ ತರಲು ಹುಡುಗನನ್ನು ಕಳುಹಿಸಿದರು.

ಕಿಟ್ ಬಂದಾಗ ಊಟದ ಹೊತ್ತು. ಮೇಸ್ತ್ರಿ ಮನೆಗೆ ಹೋದರು. ಒಂದು ಗಂಟೆ ಸುಮ್ಮನೆ ಕೂರುವುದು ಹೇಗೆ? ಹೊಸ ರಬ್ಬರುಗಳು ಒಣಗಿದಂತೆ ಕಂಡವು. ಸರಾಗವಾಗಿ ಓಡಾಡಲಿ ಎಂದು, ಮನೆಗೆ ಹೋಗಿ ಹೆಂಡತಿಯ ಹೊಲಿಗೆ ಯಂತ್ರದ ಎಣ್ಣೆ ತಂದು, ಒಂದೊಂದಕ್ಕೂ ಸುತ್ತ ಸವರಿ, ಕಿಟ್‌ನ ಪ್ಲಾಸ್ಟಿಕ್ ಕವರಿನಲ್ಲೇ ಮೊದಲಿನಂತೆ ಇಟ್ಟೆ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಸಂಜೆಗೆ ಎಲ್ಲ ಜೋಡಿಸಿ ಏರ್ ತೆಗೆಯುವ, ಅಂದರೆ ಬ್ರೇಕಿನ ಕೊಳವೆಗಳಲ್ಲಿ ಸೇರಿದ ಗಾಳಿಯನ್ನು ಹೊರಗೆ ಹಾಕುವ ಕೆಲಸ. ನಾನು ಸೀಟಿನಲ್ಲಿ, ಮೇಸ್ತ್ರಿ ಹಿಂದಿನ ಎಡ ಚಕ್ರದ ಬಳಿ. “ಒತ್ತಿ… ಒತ್ತಿ… ಹಿಡಿಯಿರಿ!” ಅವರು ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿ, ಬಿಗಿ ಮಾಡಿ, “ಬಿಡಿ” ಎನ್ನುವವರೆಗೆ ಕಾಲು ಕದಲಿಸಬಾರದು. ಮೂರನೆಯ ಚಕ್ರದ ಹೊತ್ತಿಗೆ ಭಾವಮೈದುನನ ಫೋನ್ ಬಂತು. ಮೊಬೈಲ್ ತೆಗೆಯಲು ಜೇಬಿಗೆ ಕೈ ಹಾಕುವುದಕ್ಕೂ ಕಾಲು ಮೇಲೇಳುವುದಕ್ಕೂ ಸರಿಹೋಯಿತು. ಆ ಚಕ್ರ ಬುಸ್ಸೆಂದು ಗಾಳಿ ಎಳೆದುಕೊಂಡಿತು. “ಆ ಗಾಡಿ ಮಾರಿಬಿಡಿ ಭಾವ” ಎಂದು ಹೇಳಲು ಫೋನ್ ಮಾಡಿದ್ದನಂತೆ. ಮೇಸ್ತ್ರಿ ಮೊದಲನೆಯ ಚಕ್ರದಿಂದ ಮತ್ತೆ ಶುರು ಮಾಡಿದರು.

ಬ್ರೇಕ್ ಮಾತ್ರ ಅಮೋಘವಾಗಿ ಹಿಡಿಯಿತು. ಉಳಿಸಿದ 1,850 ರೂಪಾಯಿಯ ಬಗ್ಗೆ ನಾನು ಮನೆಯಲ್ಲಿ ಒಂದು ವಾರ ಮಾತನಾಡಿದೆ. ಎಂಟನೆಯ ದಿನ ಅದೇ ಸಂಭ್ರಮದಲ್ಲಿ ನಂಜನಗೂಡಿಗೆ ಹೊರಟೆವು. ಕಡಕೊಳ ದಾಟುವಷ್ಟರಲ್ಲಿ ಕಾರು ಏದುಸಿರು ಬಿಡತೊಡಗಿತು. ಬಟ್ಟೆ ಸುಟ್ಟ ವಾಸನೆ. ಇಳಿದು ನೋಡಿದರೆ ಮುಂದಿನ ಚಕ್ರದ ಬಳಿ ದೋಸೆ ಹುಯ್ಯುವಷ್ಟು ಕಾವು. ಗೇರಿಲ್ಲದೆ ತಳ್ಳಿದರೂ ಕದಲದು. ಹಬ್ಬದ ದಿನ ನಿಲ್ಲೆಂದರೂ ನಿಲ್ಲದ ಕಾರು ಈಗ ಹೋಗೆಂದರೂ ಹೋಗಲೊಲ್ಲದು.

ಮೇಸ್ತ್ರಿ ಬೈಕಿನಲ್ಲಿ ಬಂದರು. ನಿಪ್ಪಲ್ ಸಡಿಲಿಸಿದ್ದೇ ತಡ, ಆಯಿಲ್ ಚಿಳ್ಳೆಂದು ಹಾರಿ ಚಕ್ರ ಬಿಡುಗಡೆಯಾಯಿತು. ಗ್ಯಾರೇಜಿಗೆ ಬಂದು ಸಿಲಿಂಡರ್ ಬಿಚ್ಚಿ, ಒಳಗಿನ ರಬ್ಬರನ್ನು ಇನ್ನೊಂದು ಹೊಸ ಕಿಟ್‌ನ ರಬ್ಬರಿನ ಪಕ್ಕದಲ್ಲಿಟ್ಟರು. ನಮ್ಮದು ರಾತ್ರಿಯೆಲ್ಲ ನೆನೆದ ಕಡಲೆಕಾಳಿನಂತೆ ಊದಿಕೊಂಡಿತ್ತು. ಕಾಲು ತೆಗೆದ ಮೇಲೆ ಆಯಿಲ್ ಡಬ್ಬಿಗೆ ವಾಪಸು ಹೋಗಲು ಸೂಜಿಮೊನೆಯಷ್ಟು ತೂತೊಂದಿದೆ. ಊದಿದ ರಬ್ಬರು ಅದನ್ನೇ ಮುಚ್ಚಿಕೊಂಡು ಕೂತಿತ್ತು.

“ಸಾರ್, ಇದಕ್ಕೆ ಬೇರೆ ಯಾವುದಾದರೂ ಎಣ್ಣೆ ಮುಟ್ಟಿಸಿದಿರಾ?”

ನಾನು ಗ್ಯಾರೇಜಿನ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಹೆಂಡತಿ ನನ್ನ ಮುಖ ನೋಡುತ್ತಿದ್ದಳು. “ರೀ, ನನ್ನ ಮಷೀನಿನ ಎಣ್ಣೆ ಬಾಟಲಿ ಹಬ್ಬದಿಂದ ಕಾಣುತ್ತಿಲ್ಲ” ಎಂದಳು.

ಖನಿಜ ತೈಲ ತಾಗಿದರೆ ಬ್ರೇಕಿನ ರಬ್ಬರು ಉಬ್ಬುತ್ತದೆ. ಹಚ್ಚುವುದಿದ್ದರೆ ಬ್ರೇಕ್ ಆಯಿಲನ್ನೇ ಹಚ್ಚಬೇಕು. ಇಷ್ಟು ತಿಳಿದುಕೊಳ್ಳಲು ನಾನು ತೆತ್ತದ್ದು: ಹೊಸ ಮಾಸ್ಟರ್ ಸಿಲಿಂಡರ್, ಆ ಎಣ್ಣೆ ಎಲ್ಲೆಲ್ಲಿ ಹರಿದಿತ್ತೋ ಅಲ್ಲೆಲ್ಲ, ಅಂದರೆ ನಾಲ್ಕೂ ಚಕ್ರಗಳಲ್ಲಿ, ಹೊಸ ರಬ್ಬರು, ಹೋಸುಗಳು, ಮತ್ತೆ ಆಯಿಲ್, ಎರಡು ಸಲದ ಕೂಲಿ. ಒಟ್ಟು 6,400 ರೂಪಾಯಿ. ಸಾಲದ್ದಕ್ಕೆ, ಡಬ್ಬಿಗೆ ಆಯಿಲ್ ಸುರಿಯಲು ನೆರವಾಗುತ್ತೇನೆಂದು ನಾನು ಮುಂದಾಗಿ ಚೆಲ್ಲಿದ್ದರಿಂದ ಬಾನೆಟ್ಟಿನ ಪಕ್ಕದ ಬಣ್ಣ ಅಂಗೈಯಗಲ ಎದ್ದುಬಂತು. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹಳೆಯ ಸಿಲಿಂಡರನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ತೊಳೆದು ಮೇಜಿನ ಮೇಲೆ ನಿಲ್ಲಿಸಿದ್ದೇನೆ, ಎರಡು ಪೆನ್ನು ಹಿಡಿಯುತ್ತದೆ. ಮೊನ್ನೆ ಹೆಂಡತಿ ಮೇಜು ಒರೆಸುತ್ತಾ ಅದನ್ನು ಎತ್ತಿಕೊಂಡು ಸುಮ್ಮನೆ ಕಿರುಬೆರಳು ತೂರಿಸಿದಳು. ಟಕ್ ಎಂಬ ಸದ್ದು ನನಗೂ ಕೇಳಿಸಿತು. “ಇದಾ ನಿಮಗೆ ನುಣ್ಣಗೆ ಕಂಡದ್ದು?” ಎಂದಳು.

ಈ ವರ್ಷದ ಆಯುಧ ಪೂಜೆಗೆ ಕಾರಿನ ಜೊತೆ ಸಿಲಿಂಡರಿಗೂ ಕುಂಕುಮ ಇಟ್ಟೆ. ರಾಯರು ಬೆಳಿಗ್ಗೆಯೇ ಸ್ಕೂಟರನ್ನು ಕಾಂಪೌಂಡಿನ ಒಳಗೆ ಎಳೆದುಕೊಂಡು ಗೇಟು ಹಾಕಿದ್ದರು. ಕುಂಬಳಕಾಯಿಯನ್ನು ಹೆಂಡತಿ ಕಾರಿನ ಹಿಂದೆ ಇಟ್ಟಿದ್ದಳು.