ಜಾಸು ಪಿಟ್ಸ್‌ಳನ್ನು ನೋಡಿ ನಕ್ಕವರ ಮೇಲೆ ನನಗೆ ಸಿಟ್ಟಿದೆ

ಮೊದಲ ಮಹಾಯುದ್ಧದ ಕಥೆ ಹೇಳುವ ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’ 1930ರಲ್ಲಿ ತೆರೆಗೆ ಬಂತು. ಬಿಡುಗಡೆಗೆ ಮೊದಲು ಅದನ್ನು ಒಂದಿಷ್ಟು ಪ್ರೇಕ್ಷಕರಿಗೆ ತೋರಿಸಿದ್ದರು. ರಜೆಯ ಮೇಲೆ ಮನೆಗೆ ಬಂದ ಸೈನಿಕ ಮಗ, ಕಾಯಿಲೆ ಬಿದ್ದ ತಾಯಿ. ತಾಯಿಯ ಮುಖ ಕಂಡದ್ದೇ ತಡ, ಜನ ನಕ್ಕುಬಿಟ್ಟರು. ಏಕೆಂದರೆ ತಾಯಿಯಾಗಿದ್ದವಳು ಹಾಲಿವುಡ್ ನಟಿ ಜಾಸು ಪಿಟ್ಸ್, ಅವರ ಪಾಲಿಗೆ ನಗಿಸುವ ಹೆಂಗಸು. ಸ್ಟುಡಿಯೋ ಅವಳ ದೃಶ್ಯಗಳನ್ನು ಕಿತ್ತುಹಾಕಿ, ಬೆರಿಲ್ ಮರ್ಸರ್ ಎಂಬ ನಟಿಯನ್ನು ಕರೆಸಿ ಮತ್ತೆ ಚಿತ್ರೀಕರಿಸಿತು.

ಬೈಯುವ ಮೊದಲು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾನು ಅವಳನ್ನು ಮೊದಲು ನೋಡಿದ್ದು ನಟಿ ಥೆಲ್ಮಾ ಟಾಡ್ ಜೊತೆಗಿನ ಒಂದು ಕಿರುಹಾಸ್ಯಚಿತ್ರದಲ್ಲಿ. ಗಾಬರಿಬಿದ್ದ ದೊಡ್ಡ ಕಣ್ಣುಗಳು, ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಗಾಳಿಯಲ್ಲಿ ಒದ್ದಾಡುವ ಕೈಗಳು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಪಾಪಾಯ್ ಕಾರ್ಟೂನಿನ ಆಲಿವ್ ಆಯಿಲ್ ಎಂಬ ಪಾತ್ರ ಮಾತಾಡುವುದು ಇವಳದೇ ಧಾಟಿಯಲ್ಲಿ ಎಂದು ಆಮೇಲೆ ತಿಳಿಯಿತು.

ಅನಂತರ ನಿರ್ದೇಶಕ ಸ್ಟ್ರೋಹೈಮ್‌ನ ಮೂಕಿಚಿತ್ರ ‘ಗ್ರೀಡ್’ (1924) ಹಾಕಿಕೊಂಡು ಕೂತೆ. ಸುಮಾರು ಎಂಟು ಗಂಟೆಯಷ್ಟಿದ್ದ ಚಿತ್ರವನ್ನು ಎರಡೂವರೆ ಗಂಟೆಯೂ ಉಳಿಯದಂತೆ ಕತ್ತರಿಸಿದ್ದರು, ಆ ಸಂಕಟ ಬೇರೆ. ಅದರಲ್ಲಿ ಜಾಸು ದಂತವೈದ್ಯನ ಹೆಂಡತಿ ಟ್ರೀನಾ. ಲಾಟರಿಯಲ್ಲಿ 5000 ಡಾಲರ್ ಬರುತ್ತದೆ. ಅಲ್ಲಿಂದ ಅವಳಿಗೆ ದುಡ್ಡಿನ ಹುಚ್ಚು ಹಿಡಿಯುತ್ತದೆ. ಗಂಡನ ಕಸುಬು ನಿಂತುಹೋದರೂ ಒಂದು ಕಾಸು ಬಿಚ್ಚುವುದಿಲ್ಲ. ಒಂದು ರಾತ್ರಿ ಚಿನ್ನದ ನಾಣ್ಯಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದು, ಅವುಗಳ ಜೊತೆಗೇ ಮಲಗುತ್ತಾಳೆ. ನಾನು ನಕ್ಕಿದ್ದ ಅದೇ ಕೈಗಳು ಅಲ್ಲಿ ನಾಣ್ಯಗಳನ್ನು ಮಗುವನ್ನು ಸವರಿದಂತೆ ಸವರುತ್ತವೆ. ಮುಂದೆ ದುಡ್ಡಿಗಾಗಿ ಗಂಡ ಅವೇ ಬೆರಳುಗಳನ್ನು ಕಚ್ಚುತ್ತಾನೆ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿ ನೀರು ಕುಡಿದು ಬಂದೆ.

ಮಾತಿಲ್ಲದ ಸಿನಿಮಾದಲ್ಲಿ ಕೈಯೇ ನಾಲಿಗೆ. ಹಾಗಿರುವಾಗ ಆ ಕೈಗಳಿಗೆ ಒಂದೇ ಮಾತು ಗೊತ್ತು ಎಂದು ತೀರ್ಮಾನಿಸಲು ನಾವು ಯಾರು? ಹಾಸ್ಯನಟ ಬಾಯಿ ತೆರೆಯುವ ಮೊದಲೇ ನಗುವ ಚಾಳಿ ನಮ್ಮ ಚಿತ್ರಮಂದಿರಗಳಲ್ಲೂ ಇಲ್ಲವೇ?

ಜಾಸು ಹುಟ್ಟಿದ್ದು 1894ರಲ್ಲಿ, ಅಮೆರಿಕದ ಕಾನ್ಸಾಸ್‌ನ ಪಾರ್ಸನ್ಸ್ ಎಂಬ ಊರಿನಲ್ಲಿ. ಇಬ್ಬರು ಸೋದರತ್ತೆಯರ ಹೆಸರಿನ ತುಂಡು ಸೇರಿಸಿ ಇಟ್ಟ ಹೆಸರು: ಎಲೈಜಾಳ ಬಾಲ, ಸೂಸನ್‌ಳ ತಲೆ. 1917ರ ಹೊತ್ತಿಗೆ ನಟಿ ಮೇರಿ ಪಿಕ್‌ಫೋರ್ಡ್ ಚಿತ್ರದಲ್ಲಿ ಸಣ್ಣ ಪಾತ್ರ. ಗೆಳತಿ, ನಟಿ ಬಾರ್ಬರಾ ಲಾ ಮಾರ್ 1926ರಲ್ಲಿ ತೀರಿಕೊಂಡಾಗ ಆಕೆಯ ಮಗನನ್ನು ತಂದು ಸಾಕಿದಳು. ಮಿಠಾಯಿ ಮಾಡುವುದರಲ್ಲಿ ಎತ್ತಿದ ಕೈ; ಆ ಕುರಿತ ಪುಸ್ತಕ ಬಂದದ್ದು ಅವಳು ಸತ್ತ 1963ರಲ್ಲೇ.

ಕಿತ್ತುಹಾಕಿದ ಆ ತಾಯಿ ಯುದ್ಧಚಿತ್ರದ ಹಳೆಯ ಟ್ರೈಲರ್‌ನಲ್ಲಿ ಸುಮಾರು ಅರ್ಧ ನಿಮಿಷ ಉಳಿದುಕೊಂಡಿದ್ದಾಳೆ. ಹುಡುಕಿ ನೋಡಿದೆ. ನನಗೆ ನಗು ಬರಲಿಲ್ಲ.